ಮೂವತ್ತೇಳೂವರೆ ಡಿಗ್ರಿ

"ನಿಲ್ಲಿ! ಒಂದ್ ಹೆಜ್ಜೇನೂ ಮುಂದಿಡಬೇಡಿ!"

ರಿಪೇರಿ ಅಂಗಡಿಯಿಂದ ಮಿಕ್ಸಿ ಎತ್ತಿಕೊಂಡು ಹೊರಬರುತ್ತಿದ್ದ ಯುವಕ ಒಂಟಿಗಾಲಲ್ಲೇ ನಿಂತುಬಿಟ್ಟ. ಅವನ ಎದೆಗೂ ಎದುರಿಗೆ ಬಂದ ಹುಡುಗಿಯ ಕೈಯಲ್ಲಿದ್ದ ಬುಟ್ಟಿಗೂ ನಡುವೆ ಗೇಣು ಜಾಗವೂ ಇರಲಿಲ್ಲ.

"ಬಾಂಬಾ?" ಎಂದ, ಉಸಿರು ಬಿಗಿಹಿಡಿದು.

"ಮೊಟ್ಟೆ... ಹನ್ನೆರಡು."

ಹೇಳಿದ ಮೇಲೆ ಅವಳ ಮುಖ ಕೆಂಪೇರಿತು. ಅಷ್ಟು ಜೋರಾಗಿ ಕೂಗಿದ್ದು ತಾನೇನಾ? ಬೀದಿಯವರೆಲ್ಲ 'ಪಿಸುಮಾತು' ಎಂದು ಕರೆಯುವ ತಾನಾ?

ಅವನಿಗೂ ಬೀದಿ ಒಂದು ಹೆಸರಿಟ್ಟಿತ್ತು. ಕೆಲಸಕ್ಕೆ ಕೂತರೆ ತುಟಿಗಳ ನಡುವೆ ಸ್ಕ್ರೂ ಕಚ್ಚಿಕೊಳ್ಳುತ್ತಿದ್ದ. ಹಾಗಾಗಿ ಎಲ್ಲರಿಗೂ 'ಸ್ಕ್ರೂ'!

"ಚಿಕ್ಕಮ್ಮನ ಕೋಳಿಗಳು ಮೊಟ್ಟೆ ಇಡ್ತಾವೆ, ಕಾವಿಗೆ ಕೂರಲ್ಲ," ಎಂದಳು ನೆಲ ನೋಡುತ್ತ. "ಐದಕ್ಕೂ ಬೀದಿ ಸುತ್ತೋದೇ ಕೆಲಸ. ಚಿಕ್ಕಮ್ಮ ಆಮ್ಲೆಟ್‌ಗೆ ಈರುಳ್ಳಿ ಹೆಚ್ತಾ ಇದ್ರು, ಎತ್ಕೊಂಡು ಓಡಿಬಂದೆ. ಬಲ್ಬ್ ಇಟ್ಟು ಕಾವು ಕೊಡೋ ಪೆಟ್ಟಿಗೆ... ಮಾಡಿಕೊಡ್ತೀರಾ?"

ಅವನು ಮಿಕ್ಸಿಯನ್ನು ಅಲ್ಲೇ ಕೆಳಗಿಟ್ಟ.

ಅಂದು ಮಧ್ಯಾಹ್ನ ಚಿಕ್ಕಮ್ಮನ ಅಡುಗೆಮನೆಯ ಮೂಲೆಯಲ್ಲಿ ಪೆಟ್ಟಿಗೆ ಸಿದ್ಧವಾಯಿತು. ದಪ್ಪ ಥರ್ಮಾಕೋಲ್, ಒಂದು ಬಲ್ಬು, ಹಳೇ ಕಂಪ್ಯೂಟರಿನ ಪುಟ್ಟ ಫ್ಯಾನು, ಶಾಖ ಹೆಚ್ಚಾದರೆ ಬಲ್ಬನ್ನು ತಾನಾಗಿ ಆರಿಸುವ ಥರ್ಮೋಸ್ಟಾಟ್, ಒಳಗೊಂದು ಥರ್ಮಾಮೀಟರ್, ಅದನ್ನು ನೋಡಲು ಗಾಜಿನ ಕಿಂಡಿ. ತೇವಕ್ಕೆ ಬಟ್ಟಲಲ್ಲಿ ನೀರಿಟ್ಟವಳು ಅವಳು. ತಿರುಗಿಸುವಾಗ ಗೊಂದಲವಾಗದಿರಲೆಂದು ಪ್ರತಿ ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನಿಂದ ಸೊನ್ನೆ, ಇನ್ನೊಂದಕ್ಕೆ ಗೀಟು ಹಾಕಿದವಳೂ ಅವಳೇ.

"ಇದನ್ನೆಲ್ಲ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ಚಿಕ್ಕವಳಿದ್ದಾಗ ಕೋಳಿ ಕಾವಿಗೆ ಕೂತಿದ್ದನ್ನ ನೋಡಿದ್ದೀನಿ."

ಅವನು ಅವಳನ್ನೇ ನೋಡಿದ... ಕೊಂಚ ಹೆಚ್ಚು ಹೊತ್ತೇ!

ಕೊನೆಗೆ ಪೆಟ್ಟಿಗೆಯ ಹೊರಗೆ ಹಳೇ ರೇಡಿಯೋದ ಕಪ್ಪು ನಾಬ್ ಒಂದನ್ನು ಕೂರಿಸಿದ. "ಮೂವತ್ತೇಳೂವರೆ ಡಿಗ್ರಿ ನಿಲ್ಲಬೇಕು ಅಂದ್ರೆ ಇದನ್ನ ದಿನಾ ಸಂಜೆ ಕೂದಲೆಳೆಯಷ್ಟು ತಿರುಗಿಸ್ಬೇಕು. ಸೂಕ್ಷ್ಮದ ಕೆಲಸ. ನೀವು ಮುಟ್ಟಬೇಡಿ, ನಾನೇ ಬರ್ತೀನಿ."

ಬಂದ. ದಿನಾ ಬಂದ. ಪೆಟ್ಟಿಗೆಗೆ ಕಿವಿಯಿಟ್ಟು, ಹುಬ್ಬು ಗಂಟಿಕ್ಕಿ, ನಾಬನ್ನು ಅಷ್ಟೇ ಅಷ್ಟು ತಿರುಗಿಸುವನು. ಆಮೇಲೆ ಕಾಫಿ, ಆಮೇಲೆ ಹರಟೆ.

"ಕೂದಲೆಳೆ ತಿರುಗಿಸೋಕೆ ಒಂದೂವರೆ ಗಂಟೆ ಬೇಕೇನಪ್ಪಾ?" ಎಂದು ಚಿಕ್ಕಮ್ಮ ಕಾಲೆಳೆದರೆ, ಅವನು ಲೋಟದೊಳಗೆ ಮುಖ ಹುದುಗಿಸುವನು.

ಏಳನೇ ದಿನ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದಾಗ ಒಳಗೆ ಕೆಂಪು ನರಗಳ ನಡುವೆ ಚುಕ್ಕೆಯೊಂದು ಮಿಡಿಯುತ್ತಿತ್ತು. ಇಬ್ಬರ ತಲೆಗಳೂ ಹತ್ತಿರ ಬಂದವು. ಅವಳ ಎದೆ ಆ ಚುಕ್ಕೆಗಿಂತ ಜೋರಾಗಿ ಹೊಡೆದುಕೊಂಡಿತು.

ಅಂದಿನಿಂದ ಅವಳಿಗೊಂದು ಭಯ ಶುರುವಾಯಿತು. ಇಪ್ಪತ್ತೊಂದು ದಿನಕ್ಕೆ ಮರಿ. ಮರಿ ಹೊರಬಂದರೆ ಪೆಟ್ಟಿಗೆ ಮೂಲೆಗೆ. ಆಮೇಲೆ...? ಇವನು ಯಾಕೆ ಬರುತ್ತಾನೆ? ಬರುತ್ತಿರುವುದು ಪೆಟ್ಟಿಗೆಗೋ, ನನಗೋ? ಕೇಳುವ ಧೈರ್ಯವಿರಲಿಲ್ಲ.

ಇಪ್ಪತ್ತನೇ ಸಂಜೆ ಅವನು ಬರಲಿಲ್ಲ. ಯಾವುದೋ ಹೋಟೆಲಿನ ಫ್ರಿಜ್ ಕೆಟ್ಟಿತ್ತಂತೆ. ಏಳಾಯಿತು... ಎಂಟಾಯಿತು. ಅವಳು ತಾನೇ ನಾಬ್ ತಿರುಗಿಸಿದಳು. ಕಾದು ನೋಡಿದಳು. ಮೂವತ್ತೇಳೂವರೆ. ಇನ್ನಷ್ಟು ತಿರುಗಿಸಿದಳು. ಅಲುಗಲಿಲ್ಲ. ಪೂರ್ತಿ ಸುತ್ತಿದಳು...

ನಾಬ್ ಕೈಗೇ ಬಂತು! ಹಿಂದೆ ಗಿಡ್ಡ ಮೊಳೆಯೊಂದು. ಒಂದೇ ಒಂದು ತಂತಿಯಿಲ್ಲ!

ಕಣ್ಣು ತುಂಬಿಬಂತು. ಇಪ್ಪತ್ತು ದಿನ... ನನ್ನನ್ನು ಆಟ ಆಡಿಸಿದನಾ?

ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುತ್ತಿದ್ದಂತೆ ನಾಬನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಸ್ಕೂಲು ಅರ್ಧಕ್ಕೆ ಬಿಟ್ಟವಳು, ಇವಳಿಗೇನು ಗೊತ್ತಾಗುತ್ತೆ ಅಂತ ತಾನೆ?"

ಅವನ ಬಾಯಿಂದ ಸ್ಕ್ರೂ ಬಿದ್ದು ಉರುಳಿತು.

"ಅಯ್ಯೋ, ಇಲ್ಲ ರೀ! ಎರಡನೇ ದಿನಕ್ಕೇ ಸಿಕ್ಕಿಬೀಳ್ತೀನಿ ಅಂದ್ಕೊಂಡಿದ್ದೆ. ನಿಮ್ಮ ಕಣ್ಣಿಗೆ ಏನು ತಪ್ಪುತ್ತೆ ಹೇಳಿ?"

"ಮತ್ಯಾಕೆ ಹೀಗೆ ಮಾಡಿದ್ರಿ?"

"ಪೆಟ್ಟಿಗೆ ಚೆನ್ನಾಗೇ ಓಡ್ತಿತ್ತು. ಅದೇ ತೊಂದರೆ ಆಗಿದ್ದು!" ಅವನ ದನಿ ತಗ್ಗಿತು. "ಕೆಡದೇ ಇರೋ ಪೆಟ್ಟಿಗೆ ಇರೋ ಮನೆಗೆ ರಿಪೇರಿಯವನು ಏನಂತ ಬರಲಿ? ನಿಮ್ಮನ್ನ ನೋಡೋಕೆ ಬಂದೆ ಅಂತ ಹೇಳೋಕೆ... ನಾಲಿಗೆ ಏಳಲಿಲ್ಲ."

ಅವಳ ಸಿಟ್ಟು ಎಲ್ಲಿ ಹೋಯಿತೋ!

ಅಷ್ಟರಲ್ಲಿ ಚಿಕ್ಕಮ್ಮ ಸೌಟು ಹಿಡಿದೇ ಓಡಿಬಂದರು. "ಜಗಳ ಆಮೇಲೆ ಆಡ್ರೋ! ಮೊಟ್ಟೆ ಬಿರಿತಾ ಇದೆ!"

ಮೂವರೂ ಓಡಿದರು. ಪೆಟ್ಟಿಗೆಯ ಗಾಜಿನ ಕಿಂಡಿಯಲ್ಲಿ ಒಂದು ಪುಟ್ಟ ಕೊಕ್ಕು ಚಿಪ್ಪನ್ನು ಕುಕ್ಕುತ್ತಿತ್ತು. ಅವನು ಮುಚ್ಚಳಕ್ಕೆ ಕೈ ಹಾಕಿದ. ಅವಳು ಥಟ್ಟನೆ ಆ ಕೈ ಹಿಡಿದಳು.

"ತೆಗೀಬೇಡಿ! ತೇವ ಹೋದ್ರೆ ಮರಿ ಚಿಪ್ಪಿಗೇ ಅಂಟ್ಕೊಳ್ಳುತ್ತೆ. ಅದೇ ಬರಲಿ."

ಕೈ ಬಿಡುವುದು ಇಬ್ಬರಿಗೂ ಮರೆತುಹೋಯಿತು. ಚಿಕ್ಕಮ್ಮನಿಗೆ ಇದ್ದಕ್ಕಿದ್ದಂತೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಯಿತು!

ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮರಿಗಳು ಒದ್ದೆ ಮೈಯಲ್ಲಿ ತೂಕಡಿಸುತ್ತಿದ್ದವು.

"ನಂಗೂ ಮರಿ ಬರೋದೇ ಬೇಡ ಅನಿಸ್ತಿತ್ತು," ಎಂದಳು ಮೆಲ್ಲಗೆ. "ಬಂದ್ರೆ ನೀವು ಬರಲ್ಲ ಅಂತ..."

ಅವನು ಮರಿಗಳಿಂದ ಕಣ್ಣೆತ್ತಿ ಅವಳತ್ತ ತಿರುಗಿದ. "ಹಾಗಾದ್ರೆ ನಾಳೆ ಸಂಜೆ ಬರ್ಲಾ?"

"ಏನಂತ ಹೇಳ್ಕೊಂಡು?"

"ಈ ಸಲ ಸುಳ್ಳಿಲ್ಲ. ಅಮ್ಮನ್ನ ಕರ್ಕೊಂಡು ಬರ್ತೀನಿ."

ಅವಳು ನಕ್ಕಳು, ಬೀದಿಗೆಲ್ಲ ಕೇಳುವಂತೆ.

"ಸಂಜೆವರೆಗೂ ಯಾಕೆ? ಬೆಳಿಗ್ಗೇನೇ ಬನ್ನಿ!"