ಎರಡು ಫೋನುಗಳ ನಡುವಿನ ಮಾತು

ಮೊದಲ ದಿನವೇ ಇಬ್ಬರಿಗೂ ಜಗಳವಾಗಿತ್ತು. ಮೂರನೇ ಮಹಡಿಯ ಆ ಅನುವಾದ ಕಚೇರಿಯಲ್ಲಿ ಕಿಟಕಿ ಪಕ್ಕದ ಮೇಜಿನ ಮೇಲೆ ಅವಳು ಚೀಲ ಇಟ್ಟಿದ್ದಳು, ಅವನು ಟೀ ಲೋಟ ಇಟ್ಟಿದ್ದ. ಎದುರುಬದುರು ಕೂತು ಹಂಚಿಕೊಳ್ಳಿ, ನನ್ನ ತಲೆ ತಿನ್ನಬೇಡಿ ಎಂದು ಹೇಳಿ ಮ್ಯಾನೇಜರ್ ಹೋಗಿಬಿಟ್ಟರು. ಅವಳು ಫೋನಿನಲ್ಲಿ ಸ್ವಾಹಿಲಿ ದುಭಾಷಿ, ಅವನು ಕ್ಯಾಂಟನೀಸ್ ದುಭಾಷಿ. ಕಚೇರಿಯವರ ಬಾಯಲ್ಲಿ ಸ್ವಾಹಿಲಿ ಮೇಡಂ, ಕ್ಯಾಂಟನೀಸ್ ಸರ್. ಎರಡು ವರ್ಷ ಕಳೆದರೂ ಜಗಳ ನಿಂತಿಲ್ಲ. ಈಗೀಗ ಜಗಳವಾಡದ ದಿನ ಅವಳಿಗೆ ಊಟ ಸೇರುವುದಿಲ್ಲ.

ಯಾರ ಭಾಷೆ ಮೇಲು ಎನ್ನುವುದೇ ಜಗಳದ ವಿಷಯ.

"ನಿಮ್ಮ ಸ್ವಾಹಿಲಿ ಒಂದು ಅವಿಭಕ್ತ ಕುಟುಂಬ ಬಿಡಿ," ಎಂದು ಅವನು ರೇಗಿಸುತ್ತಿದ್ದ. ಅದೂ ನಿಜವೇ. 'ನಾನು ನಿನಗಾಗಿ ಕಾಯುತ್ತೇನೆ' ಎನ್ನಲು ಅವಳಿಗೆ 'ನಿತಕುಸುಬಿರಿ' ಎಂಬ ಒಂದೇ ಪದ ಸಾಕು. ನಾನು, ನೀನು, ಮುಂದಿನ ಕಾಲ, ಕಾಯುವುದು, ಎಲ್ಲರೂ ಒಂದೇ ಸೂರಿನಡಿ ಇದ್ದಾರೆ. ಅವನ ಕ್ಯಾಂಟನೀಸ್‌ನಲ್ಲಿ ಅದಕ್ಕೇ ನಾಲ್ಕು ಪುಟ್ಟ ಪದಗಳು, ಒಂದೊಂದೂ ಬೇರೆ ಮನೆ ಮಾಡಿಕೊಂಡಿವೆ. ಸಾಲದ್ದಕ್ಕೆ ಪ್ರತಿ ಪದಕ್ಕೂ ಒಂದು ಸ್ವರದ ಏರಿಳಿತ, ಅಂಥವು ಒಟ್ಟು ಆರು.

"ಬಾಯಿ ಬಿಡೋಕೆ ಮುಂಚೆ ಶ್ರುತಿ ಹಿಡ್ಕೋಬೇಕೇನ್ರೀ?" ಎಂದು ಅವಳು ಕೇಳಿದರೆ ಅವನು ಬಿಡುತ್ತಿರಲಿಲ್ಲ. ನಮ್ಮ 'ರೀ', 'ಕಣೇ', 'ಬಿಡಿ' ಇದ್ದ ಹಾಗೆ ಕ್ಯಾಂಟನೀಸ್‌ನಲ್ಲೂ ಮಾತಿನ ತುದಿಗೆ ಆ, ಲಾ, ವೋ ಎಂದು ಸಣ್ಣ ಸದ್ದು ಸೇರಿಸುತ್ತಾರೆ, ಪ್ರೀತಿ, ಮುನಿಸು, ಅನುಮಾನ ಎಲ್ಲವೂ ಅದರಲ್ಲೇ ತಿಳಿಯುತ್ತದೆ ಎಂದು ಪಾಠ ಶುರು ಮಾಡುತ್ತಿದ್ದ. ವಸ್ತುವನ್ನು ಎಣಿಸುವ ಮುಂಚೆ ಅದು ಯಾವ ಜಾತಿಯದು, ಮನುಷ್ಯನೋ ಮರವೋ ಎಂದು ಎರಡೂ ಭಾಷೆಗಳು ವಿಚಾರಿಸುತ್ತವೆ ಎನ್ನುವ ಒಂದು ವಿಷಯಕ್ಕೆ ಮಾತ್ರ ಇಬ್ಬರೂ ಒಪ್ಪಿದ್ದರು. ಒಪ್ಪಿದ ಆ ಮಧ್ಯಾಹ್ನ ಅವನು ಲೋಟದ ಅಂಚಿನ ಮೇಲಿಂದ ಅವಳನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನೋಡಿದ್ದ. ಅವಳು ಸುಮ್ಮನೆ ಪೆನ್ನಿನ ಮುಚ್ಚಳ ಹುಡುಕಿದ್ದಳು. ಅದು ಪೆನ್ನಿನ ಮೇಲೇ ಇತ್ತು.

ವಾರಕ್ಕೆರಡು ಸಲ ಇಬ್ಬರಿಗೂ ಸೇರಿ ಒಂದೇ ಕೆಲಸ ಬರುತ್ತಿತ್ತು. ಅವಳ ಕಡೆಯ ಫೋನಿನಲ್ಲಿ ಸ್ವಾಹಿಲಿ ಮಾತ್ರ ಬಲ್ಲ ಛತ್ರಿ ವ್ಯಾಪಾರಿ ಹೆಂಗಸು, ಅವನ ಕಡೆಯಲ್ಲಿ ಕ್ಯಾಂಟನೀಸ್ ಮಾತ್ರ ಬಲ್ಲ ಛತ್ರಿ ಕಾರ್ಖಾನೆಯ ಯಜಮಾನರು. ಎರಡೂ ಭಾಷೆ ಬಲ್ಲ ದುಭಾಷಿ ಎಲ್ಲಿ ಸಿಗಬೇಕು? ಯಜಮಾನರ ಮಾತನ್ನು ಅವನು ಅವಳಿಗೆ ಕನ್ನಡದಲ್ಲಿ ಹೇಳಬೇಕು, ಅವಳು ಅದನ್ನು ಸ್ವಾಹಿಲಿಗೆ ದಾಟಿಸಬೇಕು. ಉತ್ತರವೂ ಹಾಗೇ ಹಿಂದಕ್ಕೆ ಹೋಗಬೇಕು. 'ಅವರು ಹೀಗಂದರು' ಎನ್ನುವಂತಿಲ್ಲ, 'ನಾನು' ಎಂದೇ ಹೇಳಬೇಕು, ಅದು ಕಚೇರಿಯ ನಿಯಮ. ಹೀಗಾಗಿ ಎರಡು ವರ್ಷದಲ್ಲಿ ಅವನು ಅವಳ ಮುಖ ನೋಡಿಕೊಂಡು 'ನಿಮ್ಮನ್ನೇ ನಂಬಿದ್ದೀನಿ' ಎಂದಿದ್ದ. ಅವಳು 'ಹೋದ ವಾರ ನೀವು ಮಾತಾಡಿಸಲೇ ಇಲ್ಲ, ಬೇಜಾರಾಯ್ತು' ಎಂದಿದ್ದಳು. ಎಲ್ಲ ಛತ್ರಿಯ ವ್ಯವಹಾರ, ಅವರ ಸ್ವಂತದ್ದು ಒಂದಕ್ಷರವೂ ಅಲ್ಲ.

ಹೀಗಿರುವಾಗ ಬೇರೊಂದು ನಗರದ ಶಾಖೆಯಿಂದ ಅವಳಿಗೆ ಪತ್ರ ಬಂತು. ಅಲ್ಲಿನ ಸ್ವಾಹಿಲಿ ವಿಭಾಗ ನೋಡಿಕೊಳ್ಳಬೇಕು, ಬರುತ್ತೀರೋ ಇಲ್ಲವೋ ಶುಕ್ರವಾರ ಸಂಜೆ ಐದರೊಳಗೆ ತಿಳಿಸಿ ಎಂದಿತ್ತು. ಇಲ್ಲಿಯ ಕೆಲಸಕ್ಕೇನೂ ಕೊರತೆ ಇರಲಿಲ್ಲ. ಆದರೆ ಇನ್ನೂ ಎಷ್ಟು ವರ್ಷ ಪರರ ಮಾತನ್ನೇ ಅವನ ಬಾಯಲ್ಲಿ ಕೇಳುತ್ತ ಕೂರುವುದು? ಅವನು ಒಂದು ಮಾತು ಹೇಳಿದರೆ ಇರುವುದು, ಹೇಳದಿದ್ದರೆ ಹೊರಡುವುದು ಎಂದು ತೀರ್ಮಾನಿಸಿದಳು. ಅವನು ನೋಡಲೆಂದೇ ಪತ್ರವನ್ನು ಮೇಜಿನ ಮೇಲೆ ಬಿಚ್ಚಿಟ್ಟಳು. ಮಹಾನುಭಾವ ಓದಿದ, "ಒಳ್ಳೆ ಅವಕಾಶ," ಎಂದ, ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡ. ಹೋಗೋದಾದ್ರೆ ಹೋಗು, ಇರೋದಾದ್ರೆ ಇರು, ಹೀಗೆ ಮುಖ ಊದಿಸ್ಕೊಂಡು ಪಾತ್ರೆ ಕುಕ್ಕಬೇಡ ಎಂದು ಮನೆಯಲ್ಲಿ ಅಮ್ಮ ಬೈದದ್ದೂ ಆಯಿತು.

ಶುಕ್ರವಾರ ನಾಲ್ಕೂವರೆಗೆ ಛತ್ರಿಯವರ ಫೋನು ಬಂತು. ಬಂದ ಸರಕಿನಲ್ಲಿ ಅರ್ಧಕ್ಕರ್ಧ ಹಿಡಿಗಳು ಸಡಿಲವಾಗಿವೆ ಎಂದು ವ್ಯಾಪಾರಿ ಹೆಂಗಸು ಶುರು ಮಾಡಿದರು. ಅವಳು ದಾಟಿಸಿದಳು, ಅವನು ದಾಟಿಸಿದ. ಯಜಮಾನರು ತಪ್ಪಾಯಿತೆಂದರು, ಮರದ ಹಿಡಿ ಇದೆಯೇ ಎಂದು ಗೋದಾಮಿನಲ್ಲಿ ನೋಡಿ ಬರುತ್ತೇನೆಂದರು. ಅಷ್ಟನ್ನೂ ಹೇಳಿ ಅವನು ಟೀ ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅದೇ ದನಿಯಲ್ಲಿ, ಅವಳ ಮುಖ ನೋಡಿಕೊಂಡೇ ಹೇಳಿದ:

"ನೀವು ಹೋಗೋದು ನಂಗೆ ಸ್ವಲ್ಪಾನೂ ಇಷ್ಟ ಇಲ್ಲ. ಇಷ್ಟು ದಿನ ಹೇಳೋಕೆ ಧೈರ್ಯ ಸಾಲಲಿಲ್ಲ. ಇಲ್ಲೇ ಇದ್ದುಬಿಡಿ."

ಎರಡು ವರ್ಷದ ಅಭ್ಯಾಸ ನೋಡಿ. ಮಾತು ಅವಳ ಮನಸ್ಸಿಗೆ ಮುಟ್ಟುವ ಮೊದಲೇ ನಾಲಿಗೆ ಅದನ್ನು ಸ್ವಾಹಿಲಿಗೆ ದಾಟಿಸಿಬಿಟ್ಟಿತ್ತು, ಒಂದಕ್ಷರವೂ ಬಿಡದೆ.

ಆ ಕಡೆಯಿಂದ ಹೊಟ್ಟೆ ತುಂಬ ನಗು ಕೇಳಿಸಿತು. ಅರವತ್ತೆರಡನೇ ವಯಸ್ಸಿನಲ್ಲಿ ಇಂಥ ಮಾತು ಕೇಳುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ, ಅದಿರಲಿ, ನಾನು ಎಲ್ಲಿಗೋ ಹೋಗುತ್ತೇನೆಂದು ಯಜಮಾನರಿಗೆ ಯಾರು ಹೇಳಿದರು ಎಂದು ಆಕೆ ಕೇಳಿದರು. ಆಗ ಆ ಮಾತು ಯಾರದೆಂದು ಅವಳಿಗೆ ಹೊಳೆಯಿತು. ಎದುರಿಗೆ ಅವನ ಕಿವಿಗಳೆರಡೂ ಕೆಂಪಾಗಿದ್ದವು.

ದುಭಾಷಿ ತಪ್ಪಿದರೆ ಅಲ್ಲೇ ಒಪ್ಪಿಕೊಳ್ಳಬೇಕು, ಅದೂ ನಿಯಮವೇ. ಅವಳು ಸ್ವಾಹಿಲಿಯಲ್ಲಿ ತಿದ್ದಿದಳು. ಅದು ಯಜಮಾನರ ಮಾತಲ್ಲ, ನನ್ನ ಜೊತೆಯವರು ನನಗೆ ಹೇಳಿದ್ದು ಎಂದಳು. ಹಾಗೆ ಬಾಯಿಬಿಟ್ಟು ಹೇಳುವಾಗಲೇ ಅದು ನಿಜವೆಂದು ಅವಳಿಗೆ ನಂಬಿಕೆ ಬಂತು. ಹಾಗಾದರೆ ಅವರಿಗೆ ಉತ್ತರ ಕೊಡಮ್ಮ, ಛತ್ರಿಗೇನು ಅವಸರ ಎಂದರು ಆ ಹೆಂಗಸು.

ಅಷ್ಟರಲ್ಲಿ ಯಜಮಾನರು ಗೋದಾಮಿನಿಂದ ಬಂದರು. ಅಲ್ಲೇನು ನಡೀತಿದೆ ಎಂದು ಕೇಳಿರಬೇಕು. ಅವನು ಬೆವರೊರೆಸಿಕೊಳ್ಳುತ್ತ ಕ್ಯಾಂಟನೀಸ್‌ನಲ್ಲಿ ಏನೇನೋ ಒಪ್ಪಿಸಿದ. ಅವಳಿಗೆ ಆ ಭಾಷೆಯ ಗಂಧಗಾಳಿ ಇಲ್ಲ, ದನಿ ಏರಿದ್ದು, ಇಳಿದದ್ದು, ನಡುವೆ ನಡುಗಿದ್ದು ಮಾತ್ರ ಕೇಳಿಸಿತು. ಆ ಕಡೆಯಿಂದ ಉದ್ದನೆಯ ಒಂದು 'ಆ' ಬಂತು, ಹಿಂದೆಯೇ ಒಂದು ಪ್ರಶ್ನೆ.

"ಸ್ವಾಹಿಲಿ ಮೇಡಂ ಏನಂದ್ರು? ನಂಗೂ ಹೇಳಿ," ಎಂದು ಅವನು ಕನ್ನಡಕ್ಕೆ ದಾಟಿಸಿದ, ನಿಯಮದಂತೆ. ದನಿ ಸಣ್ಣಗಾಗಿತ್ತು.

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಅವಳು ಪತ್ರವನ್ನು ಮಡಚಿ ಚೀಲಕ್ಕೆ ಹಾಕಿದಳು. ಮೊದಲು ಹೆಂಗಸಿಗೆ ಸ್ವಾಹಿಲಿಯಲ್ಲಿ ಉತ್ತರ ಹೇಳಿದಳು, ಅಲ್ಲಿಂದ ಚಪ್ಪಾಳೆಯ ಸದ್ದು ಬಂತು. ಆಮೇಲೆ ಅವನತ್ತ ತಿರುಗಿದಳು.

"ನಾನೆಲ್ಲಿಗೂ ಹೋಗಲ್ಲ. ನಂಗೂ ನೀವು ಬೇಕು. ಇಷ್ಟಕ್ಕೆ ಎರಡು ವರ್ಷ ಬೇಕಾಯ್ತೇನ್ರೀ ನಿಮಗೆ?"

ಅವನಿಂದ ಆರು ಸ್ವರಗಳಲ್ಲಿ ಒಂದೂ ಹೊರಡಲಿಲ್ಲ. ಕಣ್ಣು ತುಂಬಿಕೊಂಡು ಅವಳನ್ನೇ ನೋಡುತ್ತ ಕೂತ. ಫೋನಿನಲ್ಲಿ ಯಜಮಾನರು ಮತ್ತೆ ಮತ್ತೆ ಏನೋ ಕೇಳುತ್ತಲೇ ಇದ್ದರು.

ಅವಳು ಮೇಜಿನ ಮೇಲಿದ್ದ ಅವನ ಕೈ ಹಿಡಿದುಕೊಂಡಳು. "ಅವರು ಕಾಯ್ತಿದ್ದಾರೆ," ಎಂದಳು ಮೆಲ್ಲಗೆ. "ಅನುವಾದ ಮಾಡ್ರೀ."