ಅಮಾವಾಸ್ಯೆಯ ದಿನ ಮುಟ್ಟಿದ ಸೆಟ್ಟಿಂಗ್

"ಏನಾರ ಸೆಟ್ಟಿಂಗ್ ಬದಲ ಮಾಡೀರೇನ್ರಿ?"

ಕಿಶೋರ ಕೇಳಿದ್ದು ಇಷ್ಟೇ. ರೋಹಿಣಿಯ ಎದೆ ಧಸಕ್ಕೆಂದಿತು!

ಬೆಟಗೇರಿಯಲ್ಲಿದ್ದ ಕಿಶೋರನ ಆ ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿಗೆ ಅವಳು ಬಂದದ್ದು ಅದೇ ಮೊದಲು. ಆಟೋದಲ್ಲಿ ದಾರಿಯುದ್ದಕ್ಕೂ ಸಿಪಿಯು ಡಬ್ಬಿಯನ್ನು ತೊಡೆಯ ಮೇಲೆ ತಬ್ಬಿಕೊಂಡು ಬಂದಿದ್ದಳು. ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ. ಪಕ್ಕದಲ್ಲಿ ಅಪ್ಪ ಬಸಲಿಂಗಯ್ಯ ಕೈಕಟ್ಟಿ ನಿಂತಿದ್ದರು.

"ಇಲ್ರಿ... ನಾ ಏನೂ ಮುಟ್ಟಿಲ್ಲ. ತಾನ ಬಂದ್ ಬಿತ್ತು."

ಸುಳ್ಳು! ಅಪ್ಪಟ ಸುಳ್ಳು.

ನಿಜವೇನೆಂದರೆ, ಅಮಾವಾಸ್ಯೆಯ ದಿನ ಅವರ ಮನೆಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗವೆಂದರೆ ಮಗ್ಗವೊಂದೇ ಅಲ್ಲ, ಲಾಳಿ, ರಾಟೆ, ಈಗ ಎರಡು ವರ್ಷದಿಂದ ಕಂಪ್ಯೂಟರೂ. ಸೀರೆಯ ದಡಿಯ ನಕ್ಷೆಗಳು ಅದರಲ್ಲೇ ತಯಾರಾಗುವುದರಿಂದ ಅದೂ ಮಗ್ಗದ ಪೈಕಿಯೇ ಎಂದು ಬಸಲಿಂಗಯ್ಯ ತೀರ್ಮಾನ ಕೊಟ್ಟಿದ್ದರು. ಅದಕ್ಕೂ ವಿಭೂತಿ, ಅದಕ್ಕೂ ರಜೆ.

ನಿನ್ನೆ ಅಮಾವಾಸ್ಯೆ. ಅಪ್ಪ ಬನಶಂಕರಿ ಗುಡಿಗೆ ಹೋಗಿದ್ದಾಗ ಬೇಸರ ಕಳೆಯಲು ರೋಹಿಣಿ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದಳು. ಡಿಸ್ಕಿನ ಒಂದು ಸೆಟ್ಟಿಂಗ್ ಬದಲಿಸಿದರೆ ಹಳೆಯ ಕಂಪ್ಯೂಟರೂ ಜೋರಾಗಿ ಓಡುತ್ತದಂತೆ! ಬದಲಿಸಿಯೇಬಿಟ್ಟಳು. ಕಂಪ್ಯೂಟರ್ ಓಡುವುದಿರಲಿ, ಏಳಲೂ ಇಲ್ಲ. ನೀಲಿ ಪರದೆ, ಕಪ್ಪು ಪರದೆ, ಮತ್ತೆ ನೀಲಿ... ಅಷ್ಟರಲ್ಲಿ ಹೊರಗೆ ಅಪ್ಪನ ಚಪ್ಪಲಿ ಸದ್ದು. ಸ್ವಿಚ್ ಆರಿಸಿ ಅಡುಗೆಮನೆಗೆ ಓಡಿದಳು.

ಈಗ ಅಪ್ಪನ ಎದುರಿಗೆ ನಿಜ ಹೇಳಿದರೆ? ಅಮಾವಾಸ್ಯೆಯ ದಿನ ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಕಂಪ್ಯೂಟರನ್ನು ಮನೆಯಿಂದಲೇ ಹೊರಗೆ ಹಾಕಿಯಾರು!

ಆದರೆ ಅದರೊಳಗೆ ಇದ್ದದ್ದು ಅಜ್ಜಿ ಬನಶಂಕರೆವ್ವನ ಗುಬ್ಬಿಕಾಲು ಎಂಬ ದಡಿಯ ನಕ್ಷೆ. ಕಣ್ಣು ಮಂಜಾಗಿದ್ದ ಅಜ್ಜಿ ಬೆರಳು ಮಡಚುತ್ತ, "ಮೂರ ಕೆಂಪು, ಒಂದ ಬಿಳಿ, ಮತ್ತ ಮೂರ ಕೆಂಪು" ಎಂದು ನೆನಪಿನಿಂದ ಎಳೆ ಎಣಿಸಿ ಹೇಳಿದ್ದಳು. ರೋಹಿಣಿ ಪರದೆಯ ಮೇಲೆ ಒಂದೊಂದೇ ಚೌಕ ತುಂಬಿದ್ದಳು. ಎಂಟು ತಿಂಗಳ ಕೆಲಸ. ಮುಗಿದ ವಾರಕ್ಕೇ ಅಜ್ಜಿ ಹೋಗಿಬಿಟ್ಟಳು. ಆ ದಡಿ ಬೇರೆ ಎಲ್ಲಿಯೂ ಇಲ್ಲ.

"ಒಳಗ ನಮ್ಮಜ್ಜಿ ಬನಶಂಕರೆವ್ವನ ದಡಿ ಐತ್ರಿ..." ಎಂದಳು.

ಕಿಶೋರ ತಲೆಯೆತ್ತಿ ಅವಳನ್ನು ನೋಡಿದ. ತುಂಬಿದ ಕಣ್ಣು, ಬಿಗಿದ ತುಟಿ... ನೋಡಬಾರದಷ್ಟು ಹೊತ್ತು ನೋಡಿದ.

"ಅಳಬ್ಯಾಡ್ರಿ. ಎರಡ್ ಮೂರ್ ದಿನ ಬಿಟ್ಟ ಹೋಗ್ರಿ. ನಮ್ಮ ಮನಿದು ಅನ್ಕೊಂಡ ಜ್ವಾಕಿ ಮಾಡ್ತೀನಿ."

ಮೂರು ದಿನ ಬಿಡಲು ಹೇಳಿದರೆ ಮರುದಿನವೇ ಬಂದಳು ನಮ್ಮ ಹುಡುಗಿ! ನೂಲು ತರಲು ಬಂದೆ ಎಂಬ ನೆವ. ಕೈಯಲ್ಲಿ ನೂಲೂ ಇಲ್ಲ, ಚೀಲವೂ ಇಲ್ಲ.

ಕಿಶೋರ ಅದನ್ನು ಕೇಳಲಿಲ್ಲ. ಚಹಾ ಹೇಳಿದ, ಮಂಡಕ್ಕಿ ಮಿರ್ಚಿ ತರಿಸಿದ.

"ಡಬ್ಬಿ ಬಿಚ್ಚೀನಿ. ಖರೆ, ವಿಭೂತಿ ಅಳಿಸಿಲ್ರಿ. ನೋಡ್ರಿ."

ನೋಡಿದಳು. ಮೂರು ಗೆರೆಗಳು ಇದ್ದ ಹಾಗೆಯೇ ಇದ್ದವು. ಮಿರ್ಚಿ ಖಾರವಾಗಿತ್ತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

'ಇಂಥಾ ಮನುಷ್ಯಾಗ ಸುಳ್ಳ ಹೇಳಿದೆನಲ್ಲ...'

ಅದರ ಮರುದಿನ ಬಂದಾಗ ಕಿಶೋರ ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದ. ಎದುರಿಗೆ ಅವನದೇ ಕಂಪ್ಯೂಟರ್. ಅದರ ಪರದೆಯ ತುಂಬ... ಗುಬ್ಬಿಕಾಲು ದಡಿ! ಮೂಲೆಯಲ್ಲಿ ಎರಡೇ ಪದ: ಕಾಪಿ ಮುಗಿದಿದೆ.

ರೋಹಿಣಿಯ ಮೈಯೆಲ್ಲ ಉರಿದುಹೋಯಿತು. ನೇಕಾರರ ಮನೆಯ ದಡಿ ಕದಿಯುವುದೆಂದರೆ ದೇವರ ಮನೆಗೆ ಕೈ ಹಾಕಿದಂತೆ.

"ಎಷ್ಟಕ್ಕ ಮಾರಾವ್ರ ಇದ್ರಿ?"

ಕಿಶೋರ ಬೆಚ್ಚಿ ತಿರುಗಿದ. "ಏನಂದ್ರಿ?"

"ಚಹಾ, ಮಿರ್ಚಿ, ವಿಭೂತಿ ಅಳಿಸಿಲ್ಲ... ಎಲ್ಲಾ ನಾಟಕ! ನಮ್ಮಜ್ಜಿ ದಡಿ ಕದ್ರೆಲ್ಲ!"

ಅವನ ಮುಖ ಬಾಡಿತು.

"ನಮ್ಮಜ್ಜಾನೂ ನೇಕಾರನ ಇದ್ದಾ ರೋಹಿಣಿ ಅವರ. ಮಂದಿ ಮನಿ ದಡಿ ಕದ್ದ ಹೊಟ್ಟಿ ತುಂಬಿಸ್ಕೊಳ್ಳೂದು ನಮ್ಮ ಮನ್ಯಾಗ ಯಾರೂ ಕಲಿಸಿಲ್ಲ." ಅವನ ದನಿ ತಗ್ಗಿತು. "ಏನೂ ಬದಲ ಮಾಡಿಲ್ಲ, ತಾನ ಬಂದ್ ಬಿತ್ತು ಅಂದ್ರಿ. ಹಂಗಂದ್ರ ಡಿಸ್ಕ್ ಸಾಯಾಕ ಹತ್ತೇತಿ ಅನ್ಕೊಂಡೆ. ಸಾಯೂ ಡಿಸ್ಕಿನ ಮ್ಯಾಲೆ ರಿಪೇರಿ ಮಾಡಬಾರ್ದ್ರಿ. ಮೊದಲ ಒಳಗಿಂದು ಉಳಿಸಬೇಕು. ಅದಕ್ಕ ಅದನ್ನ ತಗದು ಇದಕ್ಕ ಹಚ್ಚಿ, ಒಂದೂ ಬಿಡದಂಗ ಕಾಪಿ ಮಾಡೀನಿ."

ಮೇಜಿನ ಮೇಲಿದ್ದ ಪೆನ್‌ಡ್ರೈವ್ ಎತ್ತಿ ಅವಳ ಮುಂದೆ ಹಿಡಿದ. ಅದರ ಮೇಲೆ ಒಂದು ಚೀಟಿ ಅಂಟಿತ್ತು. 'ಬನಶಂಕರೆವ್ವನವರ ದಡಿ. ರೋಹಿಣಿ ಅವರಿಗೆ ಮಾತ್ರ.'

ಅಯ್ಯೋ ದೇವರೇ!

ರೋಹಿಣಿ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಕಳ್ಳತನ ಅವನದಲ್ಲ. ಸುಳ್ಳು ತನ್ನದು. ಎರಡು ದಿನದ ಅವನ ಕಷ್ಟವೂ ತನ್ನಿಂದಲೇ.

"ನಾ... ಮುಟ್ಟಿದ್ದೆ ರೀ. ಅಮಾಸಿ ದಿನ. ವಿಡಿಯೊ ನೋಡಿ ಡಿಸ್ಕಿನ ಸೆಟ್ಟಿಂಗ್ ಬದಲ ಮಾಡಿದೆ. ಅಪ್ಪಾರ ಮುಂದ ಹೇಳಾಕ ಅಂಜಿದೆ."

ಬೈಯುತ್ತಾನೆ ಎಂದುಕೊಂಡಳು. ಕಿಶೋರ ಮೊದಲು ಕಣ್ಣು ಕಣ್ಣು ಬಿಟ್ಟ, ಆಮೇಲೆ ಹಣೆ ಚಚ್ಚಿಕೊಂಡು ನಕ್ಕುಬಿಟ್ಟ!

"ಅಷ್ಟ ಹೇಳಿದ್ರ ಐದ ನಿಮಿಷದ ಕೆಲಸ ಇತ್ತಲ್ರಿ!"

ಡಿಸ್ಕನ್ನು ಡಬ್ಬಿಗೆ ಮರಳಿ ಜೋಡಿಸಿದ. ಆನ್ ಮಾಡಿದ ಕೂಡಲೇ ಒಂದು ಕೀ ಒತ್ತಿ ಸೆಟ್ಟಿಂಗ್ ಪುಟ ತೆರೆದ.

"ಇಲ್ನೋಡ್ರಿ. ಡಿಸ್ಕಿನ ಕೂಡ ಮಾತಾಡೂ ರೀತಿ ಬದಲ ಆಗೇತಿ. ಒಳಗಿನ ವಿಂಡೋಸಿಗೆ ಹಳೇ ರೀತಿ ಅಷ್ಟ ಗೊತ್ತು. ತನ್ನ ಡಿಸ್ಕ್ ತನಗ ಗುರುತ ಸಿಗವಲ್ದು, ಪಾಪ. ಮೊದಲಿನಂಗ ಇಟ್ರ ಆತು."

ಉಳಿಸಿ, ಮತ್ತೆ ಶುರು ಮಾಡಿದ. ನೀಲಿ ಪರದೆ ಬರಲಿಲ್ಲ. ಬಂದದ್ದು ನೂಲುವ ಅಜ್ಜಿಯ ಫೋಟೊ, ರೋಹಿಣಿಯೇ ಪರದೆಗೆ ಹಾಕಿಟ್ಟಿದ್ದು.

ಅವಳು ಅತ್ತಳು. ಈ ಸಲ ಮಿರ್ಚಿಯ ನೆವ ಹೇಳಲಿಲ್ಲ.

"ತಪ್ಪಾತ್ರಿ. ನಿಮಗ ಕಳ್ಳ ಅಂದ್ಬಿಟ್ಟೆ..."

"ಪೂರ್ತಿ ಸುಳ್ಳೇನಲ್ಲ ಬಿಡ್ರಿ." ಕಿಶೋರ ನೆಲ ನೋಡಿದ. "ಕಾಪಿ ನಿನ್ನೆ ಸಂಜಿಗೇ ಮುಗಿದಿತ್ತು. ಫೋನ್ ಮಾಡಿದ್ರ ದಡಿ ತಗೊಂಡ ಹೋಗ್ತೀರಿ, ಆಮ್ಯಾಲ ಯಾಕ ಬರ್ತೀರಿ ಅಂತ... ಮಾಡ್ಲಿಲ್ಲ. ನೀವಂದ್ರ ನನಗ ಜೀವ. ಹೆಂಗಾತೋ ಗೊತ್ತಿಲ್ಲ. ನಿಮಗ ಹೆಂಗ ಅನಸ್ತೈತಿ?"

ಉತ್ತರ ತುಟಿಯವರೆಗೆ ಬಂದಿತ್ತು. ಆದರೆ ಬಾಗಿಲಲ್ಲಿ ಬಸಲಿಂಗಯ್ಯ!

"ಆತೇನಪಾ? ಏನಾಗಿತ್ತು?"

"ಡಿಸ್ಕಿಂದ ಸಣ್ಣ ತಕರಾರ್ರಿ, ತಾನ..." ಎಂದು ಕಿಶೋರ ಮುಚ್ಚಿಹಾಕಲು ಹೊರಟ.

"ತಾನ ಆಗಿಲ್ಲ ಅಪ್ಪಾ" ಎಂದಳು ರೋಹಿಣಿ. "ಅಮಾಸಿ ದಿನ ನಾ ಮುಟ್ಟೀನಿ."

ಬಸಲಿಂಗಯ್ಯ ಪರದೆಯ ಮೇಲಿನ ತಾಯಿಯ ಫೋಟೊವನ್ನೇ ನೋಡುತ್ತ ನಿಂತರು.

"ಆಕಿನೂ ಹಂಗ ಇದ್ಲು" ಎಂದರು ಕೊನೆಗೆ. "ಅಮಾಸಿ ದಿನ ನಮ್ಮಪ್ಪ ಗುಡಿಗಿ ಹೋದ ಕೂಡ್ಲೆ, ಸಪ್ಪಳ ಮಾಡದ ನಾಕ ಎಳಿ ನೇಯ್ತಿದ್ಲು. ಯಾರಿಗೂ ಹೇಳಬ್ಯಾಡ ಅಂತ ನನ್ನ ಕೈಯಾಗ ಬೆಲ್ಲ ಇಡ್ತಿದ್ಲು. ಈ ಗುಬ್ಬಿಕಾಲು ಆಕಿ ಹಂಗ ಕದ್ದು ಕೂಡಿಸಿದ್ದು."

ಕಣ್ಣೊರೆಸಿಕೊಂಡು, ಆಟೋ ಕರೆಯಲು ರಸ್ತೆಗಿಳಿದರು.

ಕಿಶೋರ ಮೆಲ್ಲಗೆ ಕೇಳಿದ. "ನಾ ಕೇಳಿದ್ದು ಹಂಗ ಉಳೀತು..."

"ಮುಂದಿನ ಅಮಾಸಿಗೆ ನಿಮ್ಮವ್ವನ್ನ ಕರ್ಕೊಂಡ ಮನಿಗಿ ಬಾ." ಅವಳ ಬಾಯಲ್ಲಿ ಮೊದಲ ಸಲ 'ಬಾ' ಬಂದಿತ್ತು. "ಅವತ್ತ ಮಗ್ಗಾನೂ ಬಂದ್, ಕಂಪ್ಯೂಟರೂ ಬಂದ್. ನಾ ಪೂರ್ತಿ ಖಾಲಿ ಇರ್ತೀನಿ."

"ಅಮಾಸಿಗೆ ಇನ್ನ ಇಪ್ಪತ್ತಾರ ದಿನ ಐತಿ ರೋಹಿಣಿ! ನಾಳೆನ ಬರ್ತೀವಿ."

"ನಾಳೆ ನಾ ದಡಿ ನೇಯಾಕ ಕುಂದ್ರತೀನಿ..."

"ನೀ ನೇಯಿ. ನಾ ನೋಡ್ಕೋತ ಕುಂದ್ರತೀನಿ."