ಒರೆಸದೆ ಕಳಿಸಿದ ಮುಖ

ನನ್ನ ತಮ್ಮ ಬಾಳು ನಾಟಕ ಕಂಪನಿಯಲ್ಲಿ ರಾಜಪಾತ್ರಗಳಿಗೆ ಹೆಸರಾದವನು. ಆಮೇಲೆ ಸಿನಿಮಾದಲ್ಲಿಯೂ ಮೆರೆದ. ಮುಖದ ಬಣ್ಣ ತೆಗೆಯದೆ ಮಲಗಿದರೆ ಪಾತ್ರ ಇಳಿಯುವುದಿಲ್ಲವೆಂದು ಕಂಪನಿಯಲ್ಲಿ ನಂಬಿಕೆ. ನಾಟಕ ಮುಗಿದ ಮೇಲೆ ಕೊಬ್ಬರಿ ಎಣ್ಣೆಯಿಂದ ಅವನ ಮುಖ ಒರೆಸುತ್ತಿದ್ದವಳು ಅಕ್ಕನಾದ ನಾನು.

ಕಂಪನಿ ಮುಚ್ಚಿದ ಮೇಲೆ ಗೋವಾದ ಝುವಾರಿನಗರದಲ್ಲಿರುವ ಮಗಳ ಮನೆಗೆ ಬಂದೆ. ಹೋದ ತಿಂಗಳು ಪಕ್ಕದ ಸಾಂಕೋಲೆಯಲ್ಲಿಯೇ ಅವನ ಚಿತ್ರೀಕರಣವಿತ್ತು. ರಾಜನ ವೇಷದಲ್ಲಿದ್ದಾಗಲೇ ಎದೆಬಡಿತ ನಿಂತಿತು. ಎಣ್ಣೆಯ ಬಟ್ಟಲು ಹಿಡಿದು ಓಡಿದೆ. ನಿರ್ಮಾಪಕ ಅಡ್ಡ ನಿಂತ.

"ಅಕ್ಕಾರ, ಬಣ್ಣ ಇರ್ಲಿ ಬಿಡ್ರಿ. ಮಂದಿ ರಾಜನ ವೇಷಾ ನೋಡಾಕ ಬಂದಾರ."

"ಅಂವ ನಿಮ್ಮ ರಾಜ ಅಲ್ಲೋ, ನಮ್ಮವ್ವನ ಮಗ! ಮುಖಾ ಒರಸಾಕರೆ ಬಿಡು!"

"ಟಿವಿಯವ್ರು ಅದಾರ, ಸುಮ್ನಿರ್ರಿ."

ಬಣ್ಣದಲ್ಲಿಯೇ ಸುಟ್ಟರು. ಎಲ್ಲಮ್ಮ ತಾಯಿ ಕ್ಷಮಿಸಲಿ, ಅವರನ್ನು ನಾನು ಕ್ಷಮಿಸುವುದಿಲ್ಲ.

ದಿನಕರ್ಮ ಮುಗಿದ ಮಧ್ಯಾಹ್ನ ದೇವರ ಮುಂದೆ ಕುಳಿತಿದ್ದೆ. ಹೊರಗೆ ತಗಡು ಕಾಯುವಂಥ ಬಿಸಿಲು. ಆದರೂ ಬಟ್ಟಲಿನ ಎಣ್ಣೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮನೆಯಲ್ಲಿ ಬಣ್ಣದ ಪೆಟ್ಟಿಗೆಯ ವಾಸನೆ. ಬೆನ್ನ ಹಿಂದೆ ಯಾರೋ ಮೂಗಿನಿಂದ ಉಸಿರು ಬಿಟ್ಟರು, ಒರೆಸುವಾಗ ಬಾಳು ತುಟಿ ಬಿಗಿದು ಬಿಡುತ್ತಿದ್ದಂತೆಯೇ.

ನಾನು ತಿರುಗಿ ನೋಡಲಿಲ್ಲ. ಬಿಳಿ ಬಟ್ಟೆಗೆ ಎಣ್ಣೆ ಸವರಿ ಹಿಂದಕ್ಕೆ ಚಾಚಿದೆ.

"ಒರಸ್ಕೋ, ತಮ್ಮಾ."

ಬಟ್ಟೆ ಮೆಲ್ಲಗೆ ಜಗ್ಗಿತು.

ಅದನ್ನು ದಿನವೂ ಸೋಪು ಹಚ್ಚಿ ಒಗೆದು, ಒಣಗಿಸಿ, ದೇವರ ಮುಂದೆ ಮಡಚಿ ಇಡುತ್ತೇನೆ. ದಿನವೂ ಮಧ್ಯಾಹ್ನ ಅದರಲ್ಲಿ ಹಸಿ ಕೆಂಪು ಬಣ್ಣ ಹತ್ತಿರುತ್ತದೆ.